ಬಾಸ್ಟನ್ನಿನ ಐಸೂ ಅಂಬತ್ತೂರಿನ ಫ್ರಿಜ್ಜೂ

ಮನೆಯ ಫ್ರಿಜ್ಜಿಗೆ ಬರುವ ಕಾಯಿಲೆಗಳು ಹಲವಿದ್ದರೂ ಗೃಹಸ್ಥರನ್ನು ಹೆಚ್ಚಾಗಿ ಕಾಡುವವು ಎರಡೇ. ಒಂದು, ಐಸು ಇರಬಾರದ ಕಡೆ ಐಸು ಕಟ್ಟುವುದು. ಇನ್ನೊಂದು, ನೀರು ಬರಬಾರದ ಕಡೆ ನೀರು ಬರುವುದು. ಫ್ರೀಜರಿನ ಬಾಗಿಲು ತೆಗೆದರೆ ಹಸಿ ಬಟಾಣಿಯ ಪೊಟ್ಟಣವು ಹಿಮಾಲಯದ ಗುಹೆಯಲ್ಲಿ ಸಿಕ್ಕಿಕೊಂಡ ತಪಸ್ವಿಯಂತೆ ಕುಳಿತಿರುತ್ತದೆ. ಕೆಳಗಿನ ತರಕಾರಿ ಪೆಟ್ಟಿಗೆಯನ್ನು ಎಳೆದರೆ ಕೊತ್ತಂಬರಿ ಸೊಪ್ಪಿಗೆ ತೆಪ್ಪೋತ್ಸವ ನಡೆದಿರುತ್ತದೆ. ಕರ್ನಾಟಕದ ಬೇರೆ ಬೇರೆ ಊರುಗಳಿಂದ ಉದ್ಯೋಗನಿಮಿತ್ತ ಬಂದು ಅಂಬತ್ತೂರು, ಕೊರಟ್ಟೂರು, ಪಾಡಿಗಳಲ್ಲಿ ನೆಲೆಸಿರುವ ನಮ್ಮವರು ಇಬ್ಬರು ಸೇರಿದ ಕಡೆ ಈ ಮಾತು ಬಾರದೆ ಹೋಗುವುದಿಲ್ಲ. “ಮೈಸೂರಿನಲ್ಲಿದ್ದಾಗ ಈ ಫ್ರಿಜ್ಜು ಚೆನ್ನಾಗಿಯೇ ಇತ್ತಲ್ಲ, ಇಲ್ಲಿಗೆ ಬಂದ ಮೇಲೆ ಏನಾಯಿತೋ” ಎಂಬ ದೂರನ್ನು ನಾವು ಎಷ್ಟೋ ಸಲ ಕೇಳಿದ್ದೇವೆ.

ಇದು ನಗೆಗಷ್ಟೇ ಸಲ್ಲುವ ಮಾತಲ್ಲ. ಫ್ರಿಜ್ಜಿನಲ್ಲಿ ಹಾಲು, ಮೊಸರು, ದೋಸೆ ಹಿಟ್ಟುಗಳ ಜೊತೆಗೆ ಎಷ್ಟೋ ಮನೆಗಳಲ್ಲಿ ಹಿರಿಯರ ಇನ್ಸುಲಿನ್ನೂ ಇರುತ್ತದೆ. ಸಣ್ಣ ತೂತೊಂದು ಕಟ್ಟಿಕೊಂಡ ಮಾತ್ರಕ್ಕೆ “ಇದರ ಆಯುಸ್ಸು ಮುಗಿಯಿತು, ಹೊಸದು ಕೊಳ್ಳಿ” ಎಂಬ ಸಲಹೆಯನ್ನು ನಂಬಿ ಒಂದು ತಿಂಗಳ ಸಂಬಳವನ್ನು ಸುರಿಯುವವರಿದ್ದಾರೆ. ಆದ್ದರಿಂದ ಈ ಕಾಯಿಲೆಗಳ ಮೂಲವನ್ನು ವಿಚಾರಿಸುವುದು ಉಚಿತ. ವಿಚಾರಿಸುತ್ತ ಹೋದರೆ ದಾರಿ ನಮ್ಮನ್ನು ನೇರವಾಗಿ ಮರೀನಾ ಕಡಲತೀರಕ್ಕೂ, ಅಲ್ಲಿಂದ ಅಮೆರಿಕದ ಬಾಸ್ಟನ್ ನಗರಕ್ಕೂ ಕರೆದೊಯ್ಯುತ್ತದೆ. ಇಂದು ನಮ್ಮ ಅಡುಗೆಮನೆಯಲ್ಲಿ ಕಾಡುವ ಗಾಳಿ ಮತ್ತು ನೀರು ಎಂಬ ಎರಡು ಶತ್ರುಗಳೊಡನೆ ಸುಮಾರು ಇನ್ನೂರು ವರ್ಷಗಳ ಹಿಂದೆಯೇ ಹೋರಾಡಿ ಗೆದ್ದವರಿದ್ದರು. ಅವರು ಕಂಡುಕೊಂಡ ಉಪಾಯವೇ ಇಂದಿಗೂ ಉಪಾಯ.

ನಮ್ಮ ದೇಶಕ್ಕೆ ತಂಪಿನ ವಿದ್ಯೆ ಹೊಸದೇನೂ ಅಲ್ಲ. ಅಕ್ಬರನ ಕಾಲದಲ್ಲಿ ಪೆಟ್ಲುಪ್ಪನ್ನು ಬೆರೆಸಿದ ನೀರಿನಲ್ಲಿ ಹೂಜಿಯನ್ನು ಆಡಿಸಿ ಕುಡಿಯುವ ನೀರನ್ನು ತಂಪು ಮಾಡುತ್ತಿದ್ದುದನ್ನೂ, ಬೆಟ್ಟಗಳಿಂದ ಹಿಮವನ್ನು ತರಿಸುತ್ತಿದ್ದುದನ್ನೂ ಅಬುಲ್ ಫಜಲನು ಐನ್-ಇ-ಅಕ್ಬರಿಯಲ್ಲಿ ಹೇಳಿದ್ದಾನೆ. ಅಲಹಾಬಾದಿನ ಕಡೆ ಚಳಿಗಾಲದ ರಾತ್ರಿ ಅಗಲವಾದ ಮಣ್ಣಿನ ತಟ್ಟೆಗಳಲ್ಲಿ ನೀರಿಟ್ಟು, ಬೆಳಗಾಗುವುದರೊಳಗೆ ತೆಳ್ಳನೆಯ ಐಸನ್ನು ತೆಗೆಯುತ್ತಿದ್ದ ಕ್ರಮವನ್ನು ರಾಬರ್ಟ್ ಬಾರ್ಕರನು 1775ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ವರ್ಣಿಸಿದ್ದಾನೆ. ಆದರೆ ಇದಕ್ಕೆಲ್ಲ ಒಣ ಹವೆ, ಚಳಿಯ ರಾತ್ರಿ ಬೇಕು. ಮದರಾಸಿಗೆ ಇವೆರಡನ್ನೂ ದೇವರು ಕರುಣಿಸಿಲ್ಲ.

ಮದರಾಸಿಗೆ ಐಸು ಬಂದದ್ದು ಹಡಗಿನಲ್ಲಿ. ಬಾಸ್ಟನ್ನಿನ ಫ್ರೆಡೆರಿಕ್ ಟ್ಯೂಡರ್ ಎಂಬಾತ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಗಳ ಐಸನ್ನು ಕೊಯ್ದು ಬಿಸಿಲ ನಾಡುಗಳಿಗೆ ಮಾರುವ ಯೋಚನೆ ಮಾಡಿದ. 1806ರಲ್ಲಿ ಮೊದಲ ಹಡಗನ್ನು ವೆಸ್ಟ್ ಇಂಡೀಸಿನ ಮಾರ್ಟಿನೀಕ್ ದ್ವೀಪಕ್ಕೆ ಕಳಿಸಿದಾಗ ಊರಿನವರು ನಕ್ಕರು. ಹಡಗೇನೋ ತಲುಪಿತು, ಆದರೆ ಅಲ್ಲಿ ಐಸನ್ನು ಇಡಲು ತಕ್ಕ ಉಗ್ರಾಣವಿಲ್ಲದೆ ಮಾಲು ಕರಗಿ ಹೋಯಿತು. ಟ್ಯೂಡರ್ ಸಾಲಗಾರನಾದ, ಸಾಲಕ್ಕಾಗಿ ಸೆರೆಮನೆಯನ್ನೂ ಕಂಡ. ಆದರೂ ಛಲ ಬಿಡಲಿಲ್ಲ. ಕ್ಯೂಬಾ ದೇಶದ ಹವಾನಾ ನಗರದಲ್ಲಿ ಐಸಿನ ಉಗ್ರಾಣ ಕಟ್ಟಿ, ಕರಗಿ ಹರಿದು ಬರುವ ನೀರನ್ನು ಗಡಿಯಾರ ಹಿಡಿದು ಅಳೆಯುತ್ತ, ಯಾವ ರೀತಿ ಮುಚ್ಚಿದರೆ ಎಷ್ಟು ಕಡಿಮೆ ಕರಗುತ್ತದೆಂದು ಪರೀಕ್ಷೆ ಮಾಡಿದ.

ಈ ಪರೀಕ್ಷೆಗಳಿಂದ ಗಟ್ಟಿಯಾದ ತತ್ತ್ವಗಳು ಎರಡು. ಮೊದಲನೆಯದು, ಹೊರಗಿನ ಬಿಸಿಗಾಳಿಯನ್ನು ಒಳಗೆ ಬಿಡಬಾರದು. ಇದಕ್ಕಾಗಿ ಗೋಡೆಯನ್ನು ದಪ್ಪವಾಗಿ ಕಟ್ಟಿ, ಐಸಿನ ಸುತ್ತ ಮರದ ಹೊಟ್ಟನ್ನು ತುಂಬುತ್ತಿದ್ದರು. ಮರ ಕೊಯ್ಯುವ ಕಾರ್ಖಾನೆಗಳಲ್ಲಿ ಯಾರಿಗೂ ಬೇಡವಾಗಿ ಬಿದ್ದಿರುತ್ತಿದ್ದ ಹೊಟ್ಟಿಗೆ ಅಂದಿನಿಂದ ಬೆಲೆ ಬಂತು. ಎರಡನೆಯದು, ಕರಗಿದ ನೀರನ್ನು ಐಸಿನ ಬುಡದಲ್ಲಿ ನಿಲ್ಲಲು ಬಿಡಬಾರದು. ನಿಂತ ನೀರು ಉಳಿದ ಐಸಿಗೆ ಶಾಖವನ್ನು ಮುಟ್ಟಿಸುತ್ತದೆ, ಹೊಟ್ಟನ್ನು ತೋಯಿಸಿ ಕೆಡಿಸುತ್ತದೆ. ಆದ್ದರಿಂದ ಉಗ್ರಾಣದ ತಳಕ್ಕೆ ನೀರು ಹೋಗುವ ದಾರಿ ಇರಲೇಬೇಕು. ಹಡಗಿನ ತಳದ ನೀರನ್ನು ಪಂಪು ಮಾಡಿ ಹೊರಹಾಕುತ್ತಲೇ ಇರಬೇಕು. ಗಾಳಿಗೆ ಬಾಗಿಲು ಮುಚ್ಚು, ನೀರಿಗೆ ದಾರಿ ಬಿಡು: ಟ್ಯೂಡರನ ಶಾಸ್ತ್ರವೆಲ್ಲ ಇಷ್ಟೇ.

ಈ ಶಾಸ್ತ್ರದ ಬಲದಿಂದಲೇ 1833ರ ಮೇ ತಿಂಗಳಲ್ಲಿ ‘ಟಸ್ಕನಿ’ ಎಂಬ ಹಡಗು 180 ಟನ್ ಐಸನ್ನು ಹೊತ್ತು ಬಾಸ್ಟನ್ನಿನಿಂದ ಹೊರಟಿತು. ಆಗ ಸೂಯೆಜ್ ಕಾಲುವೆ ಇರಲಿಲ್ಲ. ಆಫ್ರಿಕಾದ ತುದಿಯನ್ನು ಬಳಸಿ, ಭೂಮಧ್ಯರೇಖೆಯನ್ನು ಎರಡು ಸಲ ದಾಟಿ, ನಾಲ್ಕು ತಿಂಗಳ ಮೇಲೆ ಸೆಪ್ಟೆಂಬರಿನಲ್ಲಿ ಕಲ್ಕತ್ತೆಯನ್ನು ಮುಟ್ಟಿದಾಗ ಸುಮಾರು 100 ಟನ್ ಐಸು ಇನ್ನೂ ಗಟ್ಟಿಯಾಗಿ ಉಳಿದಿತ್ತು! ಎರಡು ಗಂಟೆ ಕರೆಂಟು ಹೋದರೆ ಐಸ್‌ಕ್ರೀಮು ಪಾಯಸವಾಗುವ ಈ ಕಾಲದಲ್ಲಿ ಕುಳಿತು ನೋಡಿದರೆ ಇದು ಪವಾಡದಂತೆಯೇ ತೋರುತ್ತದೆ.

ಇದರಲ್ಲಿ ಪವಾಡವೇನಿಲ್ಲ. ಬಿ.ಎಸ್ಸಿ. ತರಗತಿಯಲ್ಲಿ ನಾವು ಓದಿದ ‘ಗುಪ್ತೋಷ್ಣ’ದ ಮಹಿಮೆ ಇದು. ಸೊನ್ನೆ ಡಿಗ್ರಿಯ ಒಂದು ಗ್ರಾಂ ಐಸು ಸೊನ್ನೆ ಡಿಗ್ರಿಯ ನೀರಾಗಬೇಕಾದರೆ 80 ಕ್ಯಾಲೊರಿ ಶಾಖವನ್ನು ನುಂಗಬೇಕು. ಅದೇ ಶಾಖದಿಂದ ಆ ನೀರನ್ನು 80 ಡಿಗ್ರಿಯವರೆಗೆ ಕಾಯಿಸಬಹುದು! ಆದ್ದರಿಂದ ದೊಡ್ಡ ರಾಶಿಯಾಗಿ ಒತ್ತಾಗಿ ಪೇರಿಸಿದ ಐಸು ಬಹಳ ನಿಧಾನವಾಗಿ ಕರಗುತ್ತದೆ. ಈ ವ್ಯಾಪಾರದ ಗುರುತು ಇಂದಿಗೂ ನಮ್ಮ ಬಾಯಿಮಾತಿನಲ್ಲಿ ಉಳಿದಿದೆ. ‘ಒಂದೂವರೆ ಟನ್ನಿನ ಏ.ಸಿ.’ ಎನ್ನುತ್ತೇವಲ್ಲ, ಆ ಟನ್ನು ಯಂತ್ರದ ತೂಕವಲ್ಲ. ಅಮೆರಿಕದ ಲೆಕ್ಕದ ಒಂದು ಟನ್, ಅಂದರೆ 2000 ಪೌಂಡು ಐಸು 24 ಗಂಟೆಗಳಲ್ಲಿ ಕರಗಿದರೆ ಎಷ್ಟು ತಂಪು ದೊರೆಯುತ್ತದೆಯೋ ಅಷ್ಟು ತಂಪನ್ನು ಕೊಡುವ ಶಕ್ತಿಗೆ ಒಂದು ಟನ್ ಎಂದು ಹೆಸರು. ಗಂಟೆಗೆ ಸುಮಾರು 3024 ಕಿಲೋಕ್ಯಾಲೊರಿ. ಕೆರೆಯ ಐಸನ್ನು ಕೊಯ್ದು ಮಾರಿದವರ ತಕ್ಕಡಿ ಹೀಗೆ ನಮ್ಮ ಗೋಡೆಯ ಮೇಲೆ ತೂಗುತ್ತಿದೆ.

ಕಲ್ಕತ್ತೆ, ಬೊಂಬಾಯಿಗಳ ಜೊತೆಗೆ ಮದರಾಸಿನಲ್ಲಿಯೂ ಐಸಿನ ಉಗ್ರಾಣ ಎದ್ದಿತು. 1842ರ ಸುಮಾರಿಗೆ ಮರೀನಾ ತೀರದಲ್ಲಿ, ತಿರುವಲ್ಲಿಕ್ಕೇಣಿಯ ಪಕ್ಕದಲ್ಲಿ ಕಟ್ಟಿದ ಆ ಕಟ್ಟಡವೇ ‘ಐಸ್ ಹೌಸ್’. ಅಂದು ಮದರಾಸಿಗೆ ಬಂದರು ಇರಲಿಲ್ಲ. ಹಡಗು ಸಮುದ್ರದಲ್ಲೇ ಲಂಗರು ಹಾಕುತ್ತಿತ್ತು. ಅಲೆಗಳನ್ನು ಸೀಳಿ ಸರಕನ್ನು ದಡಕ್ಕೆ ತರುತ್ತಿದ್ದವು ಹಗ್ಗದಿಂದ ಹೊಲಿದ ಹಲಗೆಯ ಮಸೂಲಾ ದೋಣಿಗಳು. ಮಸ್ಸಾಚುಸೆಟ್ಸಿನ ಕೆರೆಯ ನೀರು ಹೀಗೆ ಮದರಾಸಿನ ಬೆಸ್ತರ ಕೈಯಿಂದ ದಡ ಸೇರಿತು. ತನ್ನ ವಾಲ್ಡನ್ ಕೊಳದ ಐಸನ್ನು 1846–47ರ ಚಳಿಗಾಲದಲ್ಲಿ ಕೂಲಿಗಳು ಕೊಯ್ಯುವುದನ್ನು ಕಂಡ ಥೋರೋ ಮಹಾಶಯನು, ಮದರಾಸು, ಬೊಂಬಾಯಿ, ಕಲ್ಕತ್ತೆಗಳ ಜನ ತನ್ನ ಬಾವಿಯ ನೀರು ಕುಡಿಯುವರೆಂದು 1854ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಸಂತೋಷಪಟ್ಟಿದ್ದಾನೆ.

ಮೂರು ನಗರಗಳ ಉಗ್ರಾಣಗಳಲ್ಲಿ ಇಂದು ಉಳಿದಿರುವುದು ಮದರಾಸಿನದೊಂದೇ. ಅದರ ಮುಂಭಾಗ ದುಂಡಾಗಿದೆ, ಗೋಡೆಗಳು ದಪ್ಪ. ಗಾಳಿ ಬಾರದಂತೆ ಕಟ್ಟಿದ ಮನೆ ಅದು. ಐಸಿನ ವ್ಯಾಪಾರ ನಿಂತ ಮೇಲೆ ಅದನ್ನು ಮದರಾಸು ಹೈಕೋರ್ಟಿನ ವಕೀಲರಾದ ಬಿಳಿಗಿರಿ ಅಯ್ಯಂಗಾರ್ಯರು ಕೊಂಡರು. ಅವರ ಹೆಸರು ಕೇಳಿದೊಡನೆ ನಮಗೆ ಬಿಳಿಗಿರಿರಂಗನ ಬೆಟ್ಟ ನೆನಪಾಗುತ್ತದೆ. ಐಸಿನ ಮನೆಗೆ ಬಿಳಿಗಿರಿಗಿಂತ ಒಪ್ಪುವ ಹೆಸರುಂಟೆ? ಮನುಷ್ಯರು ವಾಸ ಮಾಡಬೇಕಾದಾಗ ಅವರು ಮಾಡಿಸಬೇಕಾದ ಕೆಲಸವೆಂದರೆ ಕಿಟಕಿಗಳನ್ನೂ ಜಗಲಿಗಳನ್ನೂ ಇಡಿಸಿದ್ದು. ಐಸಿಗೆ ಶತ್ರುವಾದ ಗಾಳಿ ಮನುಷ್ಯನಿಗೆ ಮಿತ್ರ. ಅಮೆರಿಕದಿಂದ ಹಿಂದಿರುಗಿದ ಸ್ವಾಮಿ ವಿವೇಕಾನಂದರು 1897ರ ಫೆಬ್ರವರಿಯಲ್ಲಿ ಒಂಬತ್ತು ದಿನ ತಂಗಿದ್ದು ಇದೇ ಮನೆಯಲ್ಲಿ. ಅವರ ಅಮೆರಿಕ ಪ್ರಯಾಣಕ್ಕೆ ಮನೆ ಮನೆ ತಿರುಗಿ ಹಣ ಕೂಡಿಸಿದ ಅಳಸಿಂಗ ಪೆರುಮಾಳರು ನಮ್ಮ ಚಿಕ್ಕಮಗಳೂರಿನಲ್ಲಿ ಹುಟ್ಟಿದವರೆಂಬುದು ಮದರಾಸಿನ ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಮುಂದೆ ಈ ಕಟ್ಟಡ ಸರ್ಕಾರದ ವಶಕ್ಕೆ ಬಂದು, ಸೋದರಿ ಸುಬ್ಬಲಕ್ಷ್ಮಿಯವರು ನಡೆಸುತ್ತಿದ್ದ ಬಾಲವಿಧವೆಯರ ವಸತಿಗೂ ನೆಲೆಯಾಯಿತು. 1963ರಲ್ಲಿ ವಿವೇಕಾನಂದರ ಹೆಸರನ್ನು ಪಡೆಯಿತು. ಆದರೂ ಆ ಬಡಾವಣೆಯೂ ಅಲ್ಲಿನ ಪೊಲೀಸ್ ಠಾಣೆಯೂ ಇಂದಿಗೂ ‘ಐಸ್ ಹೌಸ್’ ಎಂದೇ ಕರೆಸಿಕೊಳ್ಳುತ್ತವೆ.

ಟ್ಯೂಡರನ ವ್ಯಾಪಾರ ನಿಂತದ್ದೇಕೆ? ಐಸನ್ನು ಇಲ್ಲಿಯೇ ಮಾಡಲು ಸಾಧ್ಯವಾದದ್ದರಿಂದ. ದ್ರವವೊಂದು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರುತ್ತದೆ. ಆ ಆವಿಯನ್ನು ಒತ್ತಿ, ಶಾಖವನ್ನು ಹೊರಹಾಕಿ ಮತ್ತೆ ದ್ರವ ಮಾಡಬಹುದು. ಈ ಚಕ್ರಕ್ಕೆ ಜೇಕಬ್ ಪರ್ಕಿನ್ಸ್ 1834ರಲ್ಲಿ ಲಂಡನ್ನಿನಲ್ಲಿ ಪೇಟೆಂಟು ಪಡೆದ. ಆಸ್ಟ್ರೇಲಿಯದ ಪತ್ರಿಕಾ ಸಂಪಾದಕ ಜೇಮ್ಸ್ ಹ್ಯಾರಿಸನ್, ಜರ್ಮನಿಯ ಕಾರ್ಲ್ ಲಿಂಡೆ ಮೊದಲಾದವರು ಅದನ್ನು ಕಾರ್ಖಾನೆಗೆ ಒಗ್ಗಿಸಿದರು. ಮದರಾಸಿನಲ್ಲಿ 1874ರಲ್ಲಿ ಇಂಟರ್‌ನ್ಯಾಷನಲ್ ಐಸ್ ಕಂಪನಿ ಹುಟ್ಟಿತು. ಹಬೆಯಂತ್ರದಿಂದ ಮಾಡಿದ ಐಸಿನ ಮುಂದೆ ಬಾಸ್ಟನ್ನಿನ ಐಸು ನಿಲ್ಲಲಾರದೆ ಹೋಯಿತು.

ಈ ಚಕ್ರ ಮನೆಯೊಳಗೆ ಬರಲು ಇನ್ನೂ ನಲವತ್ತು ವರ್ಷ ಹಿಡಿಯಿತು. ಅಮೆರಿಕದಲ್ಲಿ 1910ರ ದಶಕದಲ್ಲಿ ಮನೆಬಳಕೆಯ ವಿದ್ಯುತ್ ಫ್ರಿಜ್ಜುಗಳು ಬಂದವು. ಮೊದಮೊದಲು ಅವುಗಳೊಳಗೆ ಗಂಧಕದ ಡೈಆಕ್ಸೈಡಿನಂತಹ ವಿಷಾನಿಲಗಳು ಓಡಾಡುತ್ತಿದ್ದವು. ಅಂತಹ ಅನಿಲ ಸೋರಿ ಬರ್ಲಿನ್ನಿನಲ್ಲಿ ಒಂದು ಕುಟುಂಬ ಸತ್ತ ಸುದ್ದಿ ಕೇಳಿ ಐನ್‌ಸ್ಟೈನರೇ ಸಿಲಾರ್ಡ್ ಎಂಬ ತರುಣ ವಿಜ್ಞಾನಿಯೊಡನೆ ಸೇರಿ ಸೋರದ ಫ್ರಿಜ್ಜಿಗಾಗಿ ಪೇಟೆಂಟು ಪಡೆದರು. 1928ರಲ್ಲಿ ಥಾಮಸ್ ಮಿಡ್ಗ್ಲಿಯ ತಂಡ ಕಂಡುಹಿಡಿದ ಫ್ರಿಯಾನ್ ವಿಷವಲ್ಲ, ಉರಿಯುವುದೂ ಇಲ್ಲ ಎಂದು ಜಗತ್ತು ನೆಮ್ಮದಿಪಟ್ಟಿತು. ಅದು ಆಕಾಶದ ಓಜೋನ್ ಕವಚವನ್ನು ತಿನ್ನಬಲ್ಲದೆಂದು ಮೊಲೀನಾ ಮತ್ತು ರೋಲೆಂಡ್ 1974ರಲ್ಲಿ ಎಚ್ಚರಿಸಿದರು. 1987ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ 1992ರಲ್ಲಿ ಸೇರಿತು. ಈಗಿನ ಅನೇಕ ಮನೆ ಫ್ರಿಜ್ಜುಗಳಲ್ಲಿರುವುದು ಐಸೋಬ್ಯೂಟೇನ್. ಓಜೋನಿಗೆ ನಿರುಪದ್ರವಿ, ಆದರೆ ಅಡುಗೆ ಅನಿಲದ ದಾಯಾದಿ, ಉರಿಯುವಂಥದು. ಇದನ್ನು ವಾಚಕರು ನೆನಪಿಟ್ಟುಕೊಳ್ಳಬೇಕು.

ಭಾರತದಲ್ಲಿ 1958ರಲ್ಲಿ ಗೋದ್ರೆಜ್ ಸಂಸ್ಥೆ ಫ್ರಿಜ್ಜು ತಯಾರಿಸಲಾರಂಭಿಸಿತು. ಆ ಪೀಳಿಗೆಯ ಫ್ರಿಜ್ಜಿನ ಫ್ರೀಜರೆಂದರೆ ಮೇಲ್ಭಾಗದಲ್ಲಿ ಒಂದು ಅಲ್ಯೂಮಿನಿಯಂ ಗೂಡು. ಇಂದಿಗೂ ಒಂದೇ ಬಾಗಿಲಿನ ಫ್ರಿಜ್ಜುಗಳಲ್ಲಿ ಕ್ರಮ ಅದೇ. ಎರಡು ಬಾಗಿಲಿನ ‘ಫ್ರಾಸ್ಟ್ ಫ್ರೀ’ಗಳಲ್ಲಿ ತಣ್ಣನೆಯ ಕೊಳವೆಗಳು ಹಿಂದಿನ ಹಲಗೆಯ ಮರೆಯಲ್ಲಿದ್ದು ಫ್ಯಾನು ತಂಪನ್ನು ಹರಡುತ್ತದೆ. ಕೆಲವು ಗಂಟೆಗಳಿಗೊಮ್ಮೆ ಸಣ್ಣದೊಂದು ಹೀಟರು ಹೊತ್ತಿ ಕೊಳವೆಯ ಮೇಲಿನ ಐಸನ್ನು ಕರಗಿಸುತ್ತದೆ. ಆ ನೀರು ಕೆಳಗಿನ ರಂಧ್ರದಿಂದ ಇಳಿದು, ಹಿಂಬದಿಯ ತಟ್ಟೆಗೆ ಬಿದ್ದು, ಕಂಪ್ರೆಸರಿನ ಬಿಸಿಗೆ ಆವಿಯಾಗುತ್ತದೆ. ಐಸು ಕಟ್ಟದ ಫ್ರಿಜ್ಜು ಎಂಬುದು ಲೋಕದಲ್ಲಿಲ್ಲ. ಕಟ್ಟಿದ್ದನ್ನು ತಾನೇ ಕರಗಿಸಿಕೊಳ್ಳುವ ಫ್ರಿಜ್ಜು ಮಾತ್ರ ಉಂಟು.

ಈಗ ಮೈಸೂರು–ಮದರಾಸುಗಳ ದೂರಿಗೆ ಉತ್ತರ ಹೇಳಬಹುದು. 30 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿಯಬಲ್ಲದು. ಫ್ರೀಜರಿನ ಮೈನಸ್ 18 ಡಿಗ್ರಿಯಲ್ಲಿ ಒಂದು ಗ್ರಾಮಿನಷ್ಟು ಮಾತ್ರ. ಅಂಬತ್ತೂರಿನ ಗಾಳಿಯಲ್ಲಿ ತೇವ ನೂರಕ್ಕೆ 70 ಇದ್ದರೆ ಘನ ಮೀಟರಿಗೆ 21 ಗ್ರಾಂ ಆಯಿತು. 200 ಲೀಟರಿನ ಫ್ರಿಜ್ಜಿನ ಬಾಗಿಲು ತೆಗೆದಾಗ ಅರ್ಧ ಗಾಳಿ ಬದಲಾದರೂ ಎರಡು ಗ್ರಾಂ ನೀರು ಒಳಹೊಕ್ಕಂತೆ. ಮಕ್ಕಳಿರುವ ಮನೆಯಲ್ಲಿ ದಿನಕ್ಕೆ ಐವತ್ತು ಸಲ ತೆಗೆದರೆ ನೂರು ಗ್ರಾಂ, ಅಂದರೆ ಅರ್ಧ ಲೋಟ! ಮೈಸೂರಿನ ಒಣ ಹವೆಯಲ್ಲಿ ಇದು ಎಷ್ಟೋ ಕಡಿಮೆ. ಬಾಗಿಲಿನ ರಬ್ಬರು ಸಡಿಲವಾಗಿದ್ದರಂತೂ ಲೆಕ್ಕವೇ ಇಲ್ಲ. ಫ್ರಿಜ್ಜು ಹಗಲಿರುಳೂ ಬಂಗಾಳ ಕೊಲ್ಲಿಯ ಆವಿಯನ್ನು ಕುಡಿಯುತ್ತಿರುತ್ತದೆ. ಹೀಗೆ ಕಟ್ಟಿದ ಐಸು ಕಂಬಳಿಯಂತೆ ಕೊಳವೆಯನ್ನು ಹೊದೆದು ತಂಪನ್ನು ತಡೆಯುತ್ತದೆ. ಕಂಪ್ರೆಸರು ಬಿಡುವಿಲ್ಲದೆ ದುಡಿಯುತ್ತದೆ, ಬಿಲ್ಲು ಏರುತ್ತದೆ.

ಟ್ಯೂಡರನ ಎರಡು ತತ್ತ್ವಗಳನ್ನು ಹಿಡಿದು ಹೊರಟರೆ ಚಿಕಿತ್ಸೆ ಕಷ್ಟವಲ್ಲ. ಮೊದಲು ಗಾಳಿ. ಒಂದು ಕಾಗದದ ಚೂರನ್ನು ಬಾಗಿಲ ಸಂದಿನಲ್ಲಿಟ್ಟು ಮುಚ್ಚಿ ಎಳೆದು ನೋಡಿ. ಬಿಗಿಯಾಗಿ ಹಿಡಿದಿದ್ದರೆ ಸರಿ. ಸಲೀಸಾಗಿ ಜಾರಿ ಬಂದರೆ ಅಲ್ಲಿ ಗಾಳಿ ನುಗ್ಗುತ್ತಿದೆ. ಸಾಬೂನು ನೀರಿನಿಂದ ರಬ್ಬರನ್ನು ಒರೆಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ಇಲ್ಲವಾದರೆ ರಬ್ಬರನ್ನು ಮಾತ್ರ ಬದಲಿಸಬಹುದು. ಫ್ರಿಜ್ಜಿನ ಮುಂದಿನ ಕಾಲುಗಳನ್ನು ಕೂದಲೆಳೆಯಷ್ಟು ಎತ್ತರಿಸಿದರೆ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಬಿಸಿ ಸಾರನ್ನು ಆರಿಸದೆ, ಮುಚ್ಚದೆ ಒಳಗಿಡುವುದೆಂದರೆ ಆವಿಗೆ ನಾವೇ ಆಮಂತ್ರಣ ಕೊಟ್ಟಂತೆ.

ಎರಡನೆಯದು ನೀರು. ಫ್ರಾಸ್ಟ್ ಫ್ರೀ ಫ್ರೀಜರಿನ ನೆಲದಲ್ಲಿ ಐಸು ಹಲಗೆಯಂತೆ ಕಟ್ಟುತ್ತಿದ್ದರೆ, ಕೆಳಗಿನ ತರಕಾರಿ ಪೆಟ್ಟಿಗೆಯಲ್ಲಿ ನೀರು ನಿಲ್ಲುತ್ತಿದ್ದರೆ, ನೀರಿಳಿಯುವ ರಂಧ್ರ ಕಟ್ಟಿಕೊಂಡಿದೆಯೆಂದು ತಿಳಿಯಬಹುದು. ಒಂದು ಕರಿಬೇವಿನೆಲೆ ಸಾಕು, ಕಟ್ಟಿಕೊಳ್ಳಲು. ಫ್ರಿಜ್ಜಿನ ಪ್ಲಗ್ಗನ್ನು ತೆಗೆದು, ಸಾಮಾನುಗಳನ್ನು ಖಾಲಿ ಮಾಡಿ, ಬಾಗಿಲು ತೆರೆದಿಟ್ಟು, ಅಡಿಯಲ್ಲಿ ಹಳೆಯ ಟವೆಲು ಹಾಸಿ ಐಸು ತಾನಾಗಿ ಕರಗುವವರೆಗೆ ಕಾಯಬೇಕು. ಒಳಗೆ ಬಿಸಿನೀರಿನ ಪಾತ್ರೆ ಇಟ್ಟರೆ ಬೇಗ ಆಗುತ್ತದೆ. ಆಮೇಲೆ ಸೂಜಿಯಿಲ್ಲದ ಸಿರಿಂಜಿನಿಂದ ಉಗುರುಬೆಚ್ಚನೆಯ ನೀರನ್ನು ರಂಧ್ರಕ್ಕೆ ಬಿಡಬೇಕು. ಅದು ಹಿಂಬದಿಯ ತಟ್ಟೆಗೆ ಸರಾಗವಾಗಿ ಬಿದ್ದರೆ ಕಾಯಿಲೆ ವಾಸಿಯಾಯಿತು. ಫ್ರಿಜ್ಜಿನ ಹೊರಗೆ ನೆಲದ ಮೇಲೆ ನೀರು ಬರುತ್ತಿದ್ದರೆ ಆ ತಟ್ಟೆ ಬಿರುಕು ಬಿಟ್ಟಿದೆಯೇ, ಜರುಗಿದೆಯೇ ನೋಡಬೇಕು. ಒಂದೇ ಬಾಗಿಲಿನ ಫ್ರಿಜ್ಜಾದರೆ ಐಸು ಕಾಲು ಅಂಗುಲ ದಪ್ಪವಾಗುವ ಮೊದಲೇ ಡಿಫ್ರಾಸ್ಟ್ ಗುಂಡಿ ಒತ್ತುವುದು ಲೇಸು.

ಮಾಡಬಾರದ್ದೂ ಉಂಟು. ಚಾಕು, ಸ್ಕ್ರೂಡ್ರೈವರುಗಳಿಂದ ಐಸನ್ನು ಎಬ್ಬಿಸಬಾರದು. ತೆಳ್ಳನೆಯ ಅಲ್ಯೂಮಿನಿಯಂ ತೂತಾದರೆ ಅನಿಲ ಹೋಗುತ್ತದೆ. ಅದು ಉರಿಯುವ ಅನಿಲವಾದ್ದರಿಂದ ಹತ್ತಿರದಲ್ಲಿ ಒಲೆಯೋ ದೀಪವೋ ಇದ್ದರೆ ಅಪಾಯ. ರಂಧ್ರ ಸ್ವಚ್ಛವಿದ್ದೂ ಹಿಂದಿನ ಹಲಗೆಯ ಉದ್ದಗಲಕ್ಕೆ ಮತ್ತೆ ಮತ್ತೆ ಐಸು ಕಟ್ಟುತ್ತಿದ್ದರೆ ಹೀಟರೋ ಅದರ ಟೈಮರೋ ಕೆಟ್ಟಿರಬಹುದು. ಅದು ಮೆಕ್ಯಾನಿಕ್ಕಿನ ಕೆಲಸ. ಆತ ನೋಡಿದೊಡನೆ “ಗ್ಯಾಸ್ ಹೋಗಿದೆ ಸಾರ್” ಎಂದರೆ ಒಂದು ಪ್ರಶ್ನೆ ಕೇಳಿ. ಗ್ಯಾಸು ಹೋದರೆ ತಂಪೇ ಕಡಿಮೆಯಾಗಬೇಕು, ಕೊಳವೆಯ ಒಂದು ಮೂಲೆಯಲ್ಲಿ ಮಾತ್ರ ಐಸು ಕಾಣಬೇಕು. ಎಲ್ಲ ಕಡೆಯೂ ಸಮೃದ್ಧವಾಗಿ ಐಸು ಕಟ್ಟುತ್ತಿರುವ ಯಂತ್ರದಲ್ಲಿ ಗ್ಯಾಸು ಎಲ್ಲಿಗೆ ಹೋಯಿತು? 1964ರಲ್ಲಿ ಆರಂಭವಾದ ನಮ್ಮ ಅಂಬತ್ತೂರು ಕೈಗಾರಿಕಾ ವಸಾಹತಿನ ಸುತ್ತಮುತ್ತ ಕೈಕೆಲಸ ಬಲ್ಲವರಿಗೆ ಬರವಿಲ್ಲ. ಕಾರಣ ತಿಳಿದು ಕೇಳುವವನಿಗೆ ಅವರು ಕಾರಣ ಸಹಿತ ಉತ್ತರ ಕೊಡುತ್ತಾರೆ.

ಡಿಸೆಂಬರ್ 2023ರ ಮಿಚಾಂಗ್ ಚಂಡಮಾರುತದಲ್ಲಿ ಈ ವಸಾಹತಿನೊಳಗೇ ನೀರು ನುಗ್ಗಿತು. ಅನೇಕ ಕಡೆ ವಿದ್ಯುತ್ತು ನಿಂತು, ಫ್ರಿಜ್ಜುಗಳು ಕರಗಿದವು. ಅಂತಹ ಹೊತ್ತಿನಲ್ಲಿ ಫ್ರಿಜ್ಜಿನ ಬಾಗಿಲನ್ನು ತೆಗೆಯದೆ ಇರುವುದೊಂದೇ ನಾವು ಮಾಡಬಹುದಾದ ಉಪಕಾರ. ಇನ್ಸುಲಿನ್ ಇದ್ದ ಮನೆಯವರು ಅದನ್ನು ಐಸಿಗೆ ತಾಗದಂತೆ ಬೇರೆ ಡಬ್ಬಿಯಲ್ಲಿಡಬೇಕು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು. ಬೀದಿಯ ಚರಂಡಿಯಾದರೂ ಅಷ್ಟೇ, ಫ್ರೀಜರಿನ ರಂಧ್ರವಾದರೂ ಅಷ್ಟೇ: ದಾರಿ ಮುಚ್ಚಿದರೆ ನೀರು ಮನೆಯೊಳಗೇ ಬರುತ್ತದೆ. ಚರಂಡಿಯ ಮಾತು ಕಾರ್ಪೊರೇಷನ್ನಿಗೆ ಸೇರಿದ್ದು. ಫ್ರೀಜರಿನ ರಂಧ್ರ ನಮ್ಮ ಅಧಿಕಾರವ್ಯಾಪ್ತಿಯದೇ. ಬರುವ ಭಾನುವಾರ ವಾಚಕರು ಒಂದು ಕಾಗದದ ಚೂರನ್ನೂ ಒಂದು ಸಿರಿಂಜನ್ನೂ ಹಿಡಿದು ಅದನ್ನು ವಿಚಾರಿಸಿಕೊಳ್ಳಬಹುದು.